ಕೋರ್: ತಿರುಳೋ, ದಿಂಡೋ?

ಚಿತ್ರದುರ್ಗದಿಂದ ಪ್ರಶ್ನೆ:
ಪಿಯು ಮಕ್ಕಳಿಗೆಂದು ಬರೆಯುತ್ತಿರುವ ಪಾಠದಲ್ಲಿ ‘2015ರಲ್ಲಿ ಜೋಯಿಡೆಸ್ ರೆಸಲ್ಯೂಷನ್ ಹಡಗು ಅರಬ್ಬಿ ಸಮುದ್ರದ ತಳದಿಂದ ತಿರುಳು ತೆಗೆಯಿತು’ ಎಂಬ ಸಾಲಿದೆ. ಭೂಮಿಯ ತಿರುಳು ಇರುವುದು ಸುಮಾರು 2,900 ಕಿ.ಮೀ. ಆಳದಲ್ಲಿ, ಹಡಗು ಸಮುದ್ರತಳದಿಂದ ಕೆಳಗೆ ಕೊರೆದದ್ದು 1,100 ಮೀಟರ್ ಚಿಲ್ಲರೆ. ಇಂಗ್ಲಿಷಿನ ‘ಕೋರ್’ ಎಂದೇ ಉಳಿಸಿದರೂ ಭೂಮಿಯ ತಿರುಳಿಗೂ, ಕೊಳವೆಯಲ್ಲಿ ಮೇಲೆತ್ತಿದ ಉರುಟಾದ ಉದ್ದನೆ ಮಾದರಿಗೂ ಅದೇ ಪದ. ‘ಮಾದರಿ’ ಎಂದರೆ ಆಕಾರ ಹೊಳೆಯುವುದಿಲ್ಲ. ಏನು ಮಾಡಬಹುದು?

ದಾವಣಗೆರೆಯಿಂದ ಉತ್ತರ:
‘ದಿಂಡು’ ಹಾಕಿ ಸರ್. ಬಾಳೆದಿಂಡಿನ ಹಾಗೆ ಉದ್ದಕ್ಕೆ, ಉರುಟಾಗಿ ಒಳಗಿಂದ ಬರುವಂಥದ್ದು. ಗಟ್ಟಿಯಿದ್ದರೆ ಕಲ್ಲುದಿಂಡು, ಮೆತ್ತಗಿದ್ದರೆ ಕೆಸರುದಿಂಡು. ತಿರುಳನ್ನು ಭೂಮಿಗೇ ಬಿಟ್ಟುಬಿಡಿ.

‘ಬೋರ್ ಹೊಡೆದರು’ ಎಂದೂ ಬರೆಯಬೇಡಿ. ನಮ್ಮ ಕಡೆಯ ಬೋರ್‌ನಲ್ಲಿ ಹ್ಯಾಮರ್ ಕಲ್ಲನ್ನು ಪುಡಿಮಾಡುತ್ತದೆ, ಕಂಪ್ರೆಸರ್ ಗಾಳಿ ಆ ಪುಡಿಯನ್ನು ಮೇಲಕ್ಕೆ ಊದುತ್ತದೆ, ದಿಂಡು ಸಿಗುವುದಿಲ್ಲ. ಇಂಥ ಹಡಗಿನ ಬಿಟ್‌ಗೆ, ಅಂದರೆ ಕೊರೆಯುವ ತುದಿಗೆ, ನಡುವೆ ತೂತಿರುತ್ತದೆ. ಸುತ್ತಲಿನ ಕಲ್ಲು ಅರೆದುಹೋಗಿ, ನಡುವಿನದು ಒಳಕೊಳವೆಗೆ ಏರುತ್ತದೆ. ಒಂದು ಸಲಕ್ಕೆ ಸುಮಾರು 9.5 ಮೀಟರ್. ಪೈಪುಗಳನ್ನೆಲ್ಲ ಬಿಚ್ಚದೆ ಒಳಕೊಳವೆಯೊಂದನ್ನೇ ತಂತಿಹಗ್ಗದಲ್ಲಿ ಮೇಲೆಳೆಯುತ್ತಾರೆ. ಮೇಲ್ಪದರದ ಮೆತ್ತನೆ ಕೆಸರಿನಲ್ಲಿ ಬಿಟ್ ತಿರುಗಿಸುವುದೂ ಇಲ್ಲ, ನೀರಿನ ಒತ್ತಡದಿಂದ ಕೊಳವೆಯನ್ನು ಒಂದೇ ಏಟಿಗೆ ನುಗ್ಗಿಸುತ್ತಾರೆ. ಅಲ್ಲಿ ‘ಕೊರೆದು’ ಅನ್ನುವುದು ಸಲ್ಲದು.

‘ಕೊರೆದ ಆಳ’ ಮತ್ತು ‘ಸಿಕ್ಕ ದಿಂಡು’ ಬೇರೆಬೇರೆ ಲೆಕ್ಕ. ಕೊಳವೆಯ ತುದಿಯಲ್ಲಿ ದಿಂಡು ಜಾರದಂತೆ ಕಚ್ಚಿಹಿಡಿಯುವ ಬಳೆ ಇರುತ್ತದೆ. ಅದು ಕೈಕೊಟ್ಟರೆ ಕೊಳವೆ ಬರಿದಾಗಿ ಬರುತ್ತದೆ. ಬಿರುಕುಬಿಟ್ಟ ಬಸಾಲ್ಟ್‌ನಲ್ಲಿ (ಲಾವಾ ತಣಿದು ಆದ ಕಪ್ಪುಕಲ್ಲು) ಚೂರುಗಳು ಅಡ್ಡ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ, ಒಂದಕ್ಕೊಂದು ತಿಕ್ಕಿ ಸವೆಯುತ್ತವೆ. ಒಂಬತ್ತು ಮೀಟರ್ ಕೊರೆದರೂ ಕೈಗೆ ಎರಡೋ ಮೂರೋ ಮೀಟರ್ ಬಂದೀತು. ಅನಿಲ ತುಂಬಿದ ಕೆಸರಿನದು ತದ್ವಿರುದ್ಧ: ಮೇಲೆ ಬರುತ್ತ ಒತ್ತಡ ಇಳಿದು ಉಬ್ಬುವುದರಿಂದ ಕೊರೆದದ್ದಕ್ಕಿಂತ ದಿಂಡೇ ಉದ್ದವಾಗುವುದುಂಟು! ಆಗ ಒಳಗಿನ ಪ್ಲಾಸ್ಟಿಕ್ ಕೊಳವೆಗೆ ತೂತು ಹೊಡೆದು ಅನಿಲ ಬಿಡುತ್ತಾರೆ.

ಆಮೇಲೆ ದಿಂಡನ್ನು 1.5 ಮೀಟರಿನ ತುಂಡು ಮಾಡಿ, ಪ್ರತಿ ತುಂಡನ್ನೂ ಉದ್ದಕ್ಕೆ ಸೀಳುತ್ತಾರೆ. ಒಂದು ಸೀಳು ಪರೀಕ್ಷೆಗೆ, ಇನ್ನೊಂದು ಕಾಪಿಡುವುದಕ್ಕೆ. ತುಂಡಿಗೂ ಸೀಳಿಗೂ ‘ಭಾಗ’ ಎಂದರೆ ಕಲಸುಮೇಲೋಗರ. ಅಡ್ಡಕ್ಕೆ ಕೊಯ್ದದ್ದು ತುಂಡು, ಉದ್ದಕ್ಕೆ ಕೊಯ್ದದ್ದು ಸೀಳು ಎಂದೇ ಇರಲಿ.

ಉದಾಹರಣೆಗೆ ನಿಮ್ಮ ಮರಡಿಹಳ್ಳಿಯ ದಿಂಬುಲಾವಾ ಕೊಡಿ. ನೀರಿನಡಿ ಉಕ್ಕಿ ದಿಂಬಿನ ಆಕಾರದಲ್ಲಿ ತಣಿದ ಲಾವಾ ಅದು, ಸಾಗರತಳದ ಕಲ್ಲುದಿಂಡುಗಳಲ್ಲೂ ಅದೇ ಬಗೆಯದು ಸಿಗುತ್ತದೆ. ಅಚ್ಚಿನಲ್ಲಿ ದಿಂಬು ಹೋಗಿ ದಿಂಡಾದೀತು, ಕರಡು ತಿದ್ದುವವರಿಗೆ ಹೇಳಿಡಿ.