ಸಹಾಯ ಬೇಕು: ಬನವಾಸಿಯನ್ನು ನಡೆದೇ ತೋರಿಸುವವರು ಇದ್ದಾರಾ?

ನಮಸ್ಕಾರ. ಡಿಸೆಂಬರ್‌ನಲ್ಲಿ ಬೆಂಗಳೂರಿಂದ ಅಕ್ಕ, ಭಾವ, ಮಕ್ಕಳು ಶಿರಸಿಗೆ ಬರುತ್ತಿದ್ದಾರೆ. ಮಧುಕೇಶ್ವರನಿಗೆ ಕೈಮುಗಿದು, ಫೋಟೋ ಹೊಡೆದು ವಾಪಸ್ ಬರುವುದಾದರೆ ನಾನೇ ಸಾಕು. ಆದರೆ ಈ ಸಲ 4ನೇ ಶತಮಾನದ ಕದಂಬರ ರಾಜಧಾನಿಯನ್ನು ನಿಧಾನಕ್ಕೆ ನಡೆದು ನೋಡುವ ಆಸೆ. ವರದಾ ಹೊಳೆ ಊರನ್ನು ಮೂರು ಕಡೆ ಬಳಸಿ ಹರಿಯುತ್ತದಲ್ಲ, ಆ ದಂಡೆ, ಹಳೇ ಕೋಟೆಯ ಗುರುತು ಎಲ್ಲ ಸೇರಿಸಿ.

ದೇವಸ್ಥಾನದ ಒಳಗೂ ಹೇಳುವವರಿಲ್ಲದಿದ್ದರೆ ಎಷ್ಟೋ ತಪ್ಪಿಹೋಗುತ್ತದೆ. ನಂದಿಯ ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಾರ್ವತಿ ಕಡೆ ಅನ್ನುವುದನ್ನು ಎಲ್ಲರೂ ತೋರಿಸುತ್ತಾರೆ. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚದ ಹತ್ತಿರವೂ ಜನ ಸೇರುತ್ತಾರೆ. ಪ್ರಾಕೃತ ಶಾಸನ ಇರುವ ನಾಗರಕಲ್ಲಿನ ಮುಂದೆ ಮಾತ್ರ ಯಾರೂ ಜಾಸ್ತಿ ನಿಲ್ಲುವುದಿಲ್ಲ. ಕದಂಬರಿಗಿಂತ ಹಳೆಯದು ಮಾರಾಯ್ರೆ ಅದು!

ಎರಡು ಮೂರು ಗಂಟೆ ಜೊತೆಗೆ ನಡೆದು ವಿವರಿಸುವ ಸ್ಥಳೀಯರು ಗೊತ್ತಿದ್ದರೆ ತಿಳಿಸಿ. ಸುಮ್ನೆ ಇಸವಿ ಒಪ್ಪಿಸುವವರು ಬೇಡ. ಮಕ್ಕಳ ಕನ್ನಡ ಅಷ್ಟಕ್ಕಷ್ಟೆ, ಸ್ವಲ್ಪ ಇಂಗ್ಲಿಷ್ ಬಂದರೆ ಒಳ್ಳೆಯದು. ಭಾವನಿಗೆ ಮಂಡಿನೋವು, ಮಧ್ಯೆ ಕೂರಲು ಎಲ್ಲಿ ಅನುಕೂಲ? ಎಷ್ಟು ಕೊಟ್ಟರೆ ಸರಿ? ಗರ್ಭಗುಡಿ ಮಧ್ಯಾಹ್ನ ಯಾವಾಗ ಮುಚ್ಚುತ್ತಾರೆ ಅನ್ನುವುದನ್ನೂ ಹೇಳಿ. ಫೋನ್ ನಂಬರ್ ಇಲ್ಲಿ ಹಾಕಬೇಡಿ, ಇನ್‌ಬಾಕ್ಸ್ ಮಾಡಿ.