ದೆಹಲಿ–ಟೋಕಿಯೊ ವಿಮಾನ: ಅಮ್ಮ ನಿಜವಾಗಿ ಎಷ್ಟು ಹೊತ್ತು ಕೂತಿರಬೇಕು?

ಪ್ರಶ್ನೆ:
ಚಳಿಗಾಲದಲ್ಲಿ ಅಮ್ಮನನ್ನು ಟೋಕಿಯೊದಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ದೆಹಲಿಯಿಂದ ನೇರ ವಿಮಾನ. ಅಮ್ಮನಿಗೆ ಮಂಡಿನೋವು, ಜಾಸ್ತಿ ಹೊತ್ತು ಕೂತರೆ ಪಾದ ಊದಿಕೊಳ್ಳುತ್ತೆ. ಟಿಕೆಟ್ ಪ್ರಕಾರ ರಾತ್ರಿ 8ಕ್ಕೆ ಹೊರಟರೆ ಬೆಳಿಗ್ಗೆ 7ಕ್ಕೆ ಇಳಿಯುತ್ತೇವೆ. ಬರುವಾಗ ಬೆಳಿಗ್ಗೆ 11:30ಕ್ಕೆ ಹೊರಟು ಸಂಜೆ 5:30ಕ್ಕೆ ದೆಹಲಿ. ಹೋಗೋಕೆ 11 ಗಂಟೆ, ಬರೋಕೆ 6 ಗಂಟೆನಾ? ದೂರ ಸುಮಾರು 5,850 ಕಿ.ಮೀ. ಗಂಟೆಗೆ 900ರಂತೆ ಲೆಕ್ಕ ಹಾಕಿದರೆ ಆರೂವರೆ ಗಂಟೆ ಬರುತ್ತೆ. ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ.

ಉತ್ತರ 1:
ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಜಪಾನ್ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಹೋಗುವಾಗ ಅದನ್ನು ಕಳೆಯಿರಿ, ಏಳೂವರೆ ಗಂಟೆ. ಬರುವಾಗ ಕೂಡಿಸಿ, ಒಂಬತ್ತೂವರೆ.

ಪ್ರಶ್ನೆ ಕೇಳಿದವರು:
ಓಹ್, ಸರಿ. ಆದರೆ ಊರುಗಳು ಅವೇ ಅಲ್ವಾ? ಬರುವಾಗ ಎರಡು ಗಂಟೆ ಜಾಸ್ತಿ ಯಾಕೆ?

ಉತ್ತರ 2:
ಗಾಳಿ. ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಇದೆ. ಚಳಿಗಾಲದಲ್ಲಿ ಜಪಾನ್ ಮೇಲೆ ಅದರ ಅಬ್ಬರ ಜಾಸ್ತಿ, ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. 1920ರ ದಶಕದಲ್ಲೇ ವಾಸಬುರೊ ಓಯಿಶಿ ಎಂಬ ಜಪಾನಿ ಹವಾಮಾನ ತಜ್ಞರು ಬಲೂನ್ ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ನನಗೆ ತುಂಬಾ ಗೌರವವಿರುವ ಕೆಲಸ ಅದು.

ದಾರಿಯುದ್ದಕ್ಕೂ ಸರಾಸರಿ 100 ಕಿ.ಮೀ. ಗಾಳಿ ಇದೆ ಅಂದುಕೊಳ್ಳಿ. ಹೋಗುವಾಗ ಅದು ಹಿಂದಿನಿಂದ ತಳ್ಳುತ್ತೆ, ನೆಲದ ಲೆಕ್ಕದಲ್ಲಿ ವೇಗ 1,000. ಬರುವಾಗ ಎದುರುಗಾಳಿ, 800. 6,000 ಕಿ.ಮೀ.ಗೆ ಒಂದು ಕಡೆ 6 ಗಂಟೆ, ಇನ್ನೊಂದು ಕಡೆ ಏಳೂವರೆ. ಅಲ್ಲೇ ಒಂದೂವರೆ ಗಂಟೆ ವ್ಯತ್ಯಾಸ ಬಂತು.

ಇನ್ನು ಆ 5,850 ಅನ್ನುವುದು ಭೂಗೋಳದ ಮೇಲೆ ದಾರ ಎಳೆದು ಹಿಡಿದ ಹಾಗಿನ ದೂರ. ಆ ದಾರ ಹಿಮಾಲಯ, ಟಿಬೆಟ್ ಮೇಲೆ ಹಾದುಹೋಗುತ್ತೆ. ಕ್ಯಾಬಿನ್‌ನ ಒತ್ತಡ ಇಳಿದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ! ಅದಕ್ಕೇ ಸಾಮಾನ್ಯವಾಗಿ ದಕ್ಷಿಣಕ್ಕೆ ಸುತ್ತು ಹಾಕುತ್ತಾರೆ, ದೂರ ಬೆಳೆಯುತ್ತೆ. ರನ್‌ವೇಗೆ ಹೋಗುವ ಸಮಯವೂ ಟಿಕೆಟ್‌ನ ಲೆಕ್ಕದಲ್ಲೇ ಸೇರಿರುತ್ತೆ.

ಉತ್ತರ 3:
ಅಮ್ಮನಿಗೆ ನಡುದಾರಿ ಪಕ್ಕದ ಸೀಟು ತೆಗೆಸಿ, ಬರುವಾಗಲಂತೂ ಬೇಕೇಬೇಕು. ಗಂಟೆಗೊಮ್ಮೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಚಪ್ಪಲಿ ಸಡಿಲವಾಗಿರಲಿ. ಪಾದ ಊದುತ್ತೆ ಅಂದಿರಲ್ಲ, ಹೊರಡುವ ಮುಂಚೆ ಡಾಕ್ಟರಿಗೆ ಒಮ್ಮೆ ತೋರಿಸಿಬಿಡಿ. ವೀಲ್‌ಚೇರ್ ಬೇಕಿದ್ದರೆ ಏರ್‌ಲೈನ್‌ಗೆ ಈಗಲೇ ಹೇಳಿ. ವಿಮಾನ ನಿಲ್ದಾಣದೊಳಗಿನ ನಡಿಗೆಯೂ ಕಮ್ಮಿ ಏನಲ್ಲ.