ಅಟ್ಟದಿಂದ ಇಳಿದ ಹಳೇ ಸಾಮಾನು: ಇದೇನು ಆಚಾರ್ರೇ?

ಪ್ರಶ್ನೆ (ತಿಪಟೂರು ಕಡೆಯಿಂದ): ಆಚಾರ್ರೇ, ನಮಸ್ಕಾರ. ಹಳೇ ಮನೆ ಕೆಡವುವ ಮುಂಚೆ ಅಟ್ಟ ಖಾಲಿ ಮಾಡಿದೆವು. ಒಂದು ಮರದ ಬಟ್ಟಲು ಸಿಕ್ಕಿತು. ಒಂದೇ ತುಂಡಿನಲ್ಲಿ ಕೆತ್ತಿದ್ದು, ಒಂದು ಕೈ ಇಡುವಷ್ಟು ಅಗಲ. ತಳದಲ್ಲಿ ನಾಲ್ಕು ತೂತು, ಕಿರುಬೆರಳು ಹೋಗುತ್ತದೆ. ನಮ್ಮತ್ತೆ ಶಾವಿಗೆ ಒತ್ತುವುದು ಅಂತಾರೆ. ಮಗಳು ಅದನ್ನು ಬೋರಲು ಹಾಕಿ ಪೆನ್ನು ಸಿಕ್ಕಿಸಿದ್ದಾಳೆ. ಜೊತೆಗೆ ಒಂದು ಟೊಳ್ಳು ಬಿದಿರು ಇತ್ತು, ತುದಿ ಚೂಪು. ಇವೆರಡೂ ಏನು?

ಉತ್ತರ: ತಾಯಿ, ಶಾವಿಗೆ ಒರಳಿನ ತೂತು ತುಂಬ ಸಣ್ಣ. ಕಿರುಬೆರಳು ದಪ್ಪದ ಶಾವಿಗೆಯನ್ನು ಯಾರು ತಿನ್ನುತ್ತಾರೆ ಹೇಳಿ! ಇದು ಕೂರಿಗೆ ಬಟ್ಟಲು. ಕೂರಿಗೆ ಅಂದರೆ ಎತ್ತು ಕಟ್ಟಿ ಸಾಲಾಗಿ ಬಿತ್ತುವ ಸಾಧನ.

ಒಂದು ಸಲ ತೂತುಗಳನ್ನು ಒಳಗಿನಿಂದ ನೋಡಿ. ನೆಟ್ಟಗೆ ಕೆಳಕ್ಕೆ ಇಳಿದಿಲ್ಲ, ನಾಲ್ಕೂ ಹೊರಕ್ಕೆ ಓರೆಯಾಗಿ ಹೋಗಿವೆ ಅಲ್ವಾ? ಒಂದೊಂದು ತೂತಿಗೂ ಒಂದೊಂದು ಬಿದಿರು ಕೊಳವೆ ಸಿಕ್ಕಿಸುತ್ತಿದ್ದರು. ಕೊಳವೆಯ ಇನ್ನೊಂದು ತುದಿ ಕೂರಿಗೆಯ ತಾಳಿಗೆ, ಅಂದರೆ ನೆಲ ಸೀಳುವ ಹಲ್ಲಿಗೆ, ಹೋಗುತ್ತದೆ. ಎತ್ತು ಎಳೆದ ಹಾಗೆ ತಾಳು ಸಾಲು ಸೀಳುತ್ತದೆ. ಬಿತ್ತುವವರು ಬಟ್ಟಲಿಗೆ ಬೆರಳಿನ ಸಂದಿಯಿಂದ ರಾಗಿ ಉದುರಿಸುತ್ತಾ ನಡೆಯುತ್ತಾರೆ. ಕಾಳು ನಾಲ್ಕು ದಾರಿಯಾಗಿ ಹಂಚಿಕೊಂಡು ನಾಲ್ಕು ಸಾಲಿಗೆ ಬೀಳುತ್ತದೆ. ಮೂರು ತಾಳಿನದೂ ಉಂಟು, ಆರು ತಾಳಿನದೂ ಉಂಟು. ತೂತು ಎಣಿಸಿದರೆ ತಾಳು ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಕೆತ್ತುವ ಬಡಗಿಗೆ ಇದು ಸುಲಭದ ಕೆಲಸ ಅಲ್ಲ. ಒಂದು ತೂತು ಸ್ವಲ್ಪ ತಗ್ಗಿನಲ್ಲಿ ಬಿದ್ದರೂ ಕಾಳೆಲ್ಲ ಅತ್ತಲೇ ಓಡುತ್ತದೆ. ಆಗ ಒಂದು ಸಾಲು ಒತ್ತಾಗಿ, ಇನ್ನೊಂದು ಬೋಳಾಗಿ ಹುಟ್ಟುತ್ತದೆ. ಬಡಗಿಯ ತಪ್ಪು ಇಡೀ ಊರಿಗೆ ಕಾಣುತ್ತದೆ, ಅದೂ ಕೊಯ್ಲಿನವರೆಗೆ. ನಮ್ಮಪ್ಪ ಬಟ್ಟಲು ಕೆತ್ತಿದ ಮೇಲೆ ಒಂದು ಹಿಡಿ ರಾಗಿ ಸುರಿದು ನೋಡದೆ ಯಾರಿಗೂ ಕೊಡುತ್ತಿರಲಿಲ್ಲ.

1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಕೂರಿಗೆಯ ವಿಷಯ ಬರೆದುಕೊಂಡಿದ್ದಾನೆ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಅಂದರೆ ನಿಮ್ಮ ಪೆನ್ ಸ್ಟ್ಯಾಂಡಿನ ವಂಶ ದೊಡ್ಡದೇ.

ಬಿದಿರು ಆ ನಾಲ್ಕು ಕೊಳವೆಗಳಲ್ಲಿ ಉಳಿದ ಒಂದು ಇರಬೇಕು.

ಇನ್ನೊಬ್ಬ ಸದಸ್ಯರು (ಹಾಸನ ಜಿಲ್ಲೆಯ ರೈತರು): ಆಚಾರ್ರೇ, ಬಟ್ಟಲು ಸರಿ ಹೇಳಿದಿರಿ. ಬಿದಿರಿನ ವಿಷಯದಲ್ಲಿ ಸ್ವಲ್ಪ ಎಡವಿದಿರಿ. ಕೂರಿಗೆ ಕೊಳವೆಯಾದರೆ ತುದಿ ಯಾಕೆ ಚೂಪು ಮಾಡುತ್ತಾರೆ? ಅದು ಸಡ್ಡೆ. ಹಗ್ಗ ಕಟ್ಟಿ ಕೂರಿಗೆಯ ಹಿಂದೆ ಎಳೆಸುವುದು. ಅದರಲ್ಲಿ ಅವರೆ, ತೊಗರಿ ಬಿಡುತ್ತಿದ್ದೆವು. ರಾಗಿ ನಡುವೆ ಅಕ್ಕಡಿ ಸಾಲು, ಅಂದರೆ ಬೇರೆ ಬೆಳೆಯ ಸಾಲು, ಬರುತ್ತಿದ್ದದ್ದು ಹಾಗೆ. ನಾನು ಚಿಕ್ಕವನಿದ್ದಾಗ ಸಡ್ಡೆ ಹಿಡಿಯುವುದು ನಮ್ಮಜ್ಜಿ ಕೆಲಸ.

ಉತ್ತರ: ಒಪ್ಪಿದೆ ಗೌಡ್ರೇ, ತಪ್ಪು ನನ್ನದೇ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲ್ತುದಿಯ ಹತ್ತಿರ ಹಗ್ಗ ತಿಕ್ಕಿದ ಗೆರೆ ಕಾಣುತ್ತದೆ. ಮರ ಕೆತ್ತಿದವನಿಗಿಂತ ಹೊಲದಲ್ಲಿ ಹಿಡಿದವರಿಗೇ ಜಾಸ್ತಿ ಗೊತ್ತು.

ಪ್ರಶ್ನೆ (ಧಾರವಾಡದಿಂದ): ಕಾಕಾ, ಅಜ್ಜನ ಪೆಟ್ಟಿಗೆಯಲ್ಲಿ ಮೊಳದುದ್ದದ ಒಂದು ಬಿಲ್ಲು ಇದೆ, ದಾರ ಸಡಿಲ. ಜೊತೆಗೆ ನಡುವೆ ಸವೆದ ಒಂದು ಮರದ ಗುಂಡು ಕೋಲು, ತುದಿಗೆ ಕಬ್ಬಿಣದ ಮೊನೆ. ಅರ್ಧ ತೆಂಗಿನ ಚಿಪ್ಪೂ ಇದೆ. ಹುಡುಗರ ಆಟದ ಸಾಮಾನು ಅಂತ ತಮ್ಮ ಹೇಳುತ್ತಾನೆ.

ಉತ್ತರ: ಆ ಚಿಪ್ಪು ಎಸೆಯಬೇಡಿ ತಮ್ಮಾ, ಅದಿಲ್ಲದೆ ಕೆಲಸ ನಡೆಯುವುದಿಲ್ಲ! ಇದು ಬಿಲ್ಲು ಬೈರಿಗೆ. ತೂತು ಕೊರೆಯಲು ಕರೆಂಟ್ ಡ್ರಿಲ್ ಬರುವ ಮುಂಚೆ ನಾವು ಇದರಲ್ಲೇ ಕೊರೆಯುತ್ತಿದ್ದೆವು. ದಾರವನ್ನು ಕೋಲಿಗೆ ಒಂದು ಸುತ್ತು ಸುತ್ತಬೇಕು. ಕೋಲಿನ ತಲೆಯ ಮೇಲೆ ಚಿಪ್ಪು ಇಟ್ಟು ಎಡ ಅಂಗೈಯಿಂದ ಒತ್ತಬೇಕು. ಬಲಗೈಯಲ್ಲಿ ಬಿಲ್ಲನ್ನು ಪಿಟೀಲಿನ ಕಮಾನಿನ ಹಾಗೆ ಹಿಂದೆ ಮುಂದೆ ಎಳೆಯಬೇಕು. ಕೋಲು ಗಿರ್ರನೆ ತಿರುಗುತ್ತದೆ. ಚಿಪ್ಪು ಇರುವುದು ಅಂಗೈ ಸುಡದಿರಲಿ ಅಂತ.

ದಾರ ಸಡಿಲ ಅಂದಿರಲ್ಲ, ಅದು ಹಾಳಾಗಿ ಸಡಿಲ ಆದದ್ದಲ್ಲ. ಕೋಲಿಗೆ ಸುತ್ತು ಹಾಕಿದಾಗ ಬಿಗಿಯಾಗಲಿ ಅಂತಲೇ ಹಾಗೆ ಬಿಟ್ಟಿದ್ದಾರೆ.

ಈಗ ಮೊನೆ ನೋಡಿ. ಚಪ್ಪಟೆಯಾಗಿ, ಈಟಿಯ ಹಾಗೆ, ಎರಡೂ ಕಡೆ ಮಸೆದಿರಬೇಕು. ಈ ಬೈರಿಗೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಮೊನೆ ಎರಡು ದಿಕ್ಕಿಗೂ ಕೆರೆಯಬೇಕು. ಈಗಿನ ಸುರುಳಿ ಬಿಟ್ ಹಾಕಿದರೆ ಕೆಲಸ ಆಗುವುದಿಲ್ಲ, ಅದು ಒಂದೇ ದಿಕ್ಕಿಗೆ ಕೊರೆಯುತ್ತದೆ. ನನ್ನ ಹತ್ತಿರ ಕಲಿಯಲು ಬಂದ ಹುಡುಗನೊಬ್ಬ ಅದನ್ನೇ ಹಾಕಿ ಅರ್ಧ ಗಂಟೆ ಬೆವರು ಸುರಿಸಿದ. ನಾನೂ ಸುಮ್ನೆ ನೋಡುತ್ತಾ ಕೂತಿದ್ದೆ.

ಪ್ರಶ್ನೆ (ಬೆಂಗಳೂರಿನಿಂದ): ಸರ್, ಗುಜರಿಯಲ್ಲಿ ಒಂದು ಹಳೇ ಗರಗಸ ಕೊಂಡೆ. ಹಲ್ಲುಗಳು ಹಿಡಿಯ ಕಡೆಗೆ ಬಾಗಿವೆ. ಹಿಡಿ ಹಿಂದುಮುಂದಾಗಿ ಕೂರಿಸಿದ್ದಾರಾ? ಬಿಚ್ಚಿ ತಿರುಗಿಸಲಾ?

ಉತ್ತರ: ಬೇಡ ಸ್ವಾಮಿ, ಹಾಗೇ ಬಿಡಿ! ಅದು ಎಳೆಯುವಾಗ ಕೊಯ್ಯುವ ಗರಗಸ. ನಮ್ಮ ಹಳಬರು ಮೇಜಿನ ಮೇಲೆ ಕೆಲಸ ಮಾಡಿದವರಲ್ಲ. ನೆಲದ ಮೇಲೆ ಕೂತು ಮರವನ್ನು ಪಾದದಲ್ಲಿ ಒತ್ತಿ ಹಿಡಿದು, ಗರಗಸವನ್ನು ತಮ್ಮ ಕಡೆಗೆ ಎಳೆಯುತ್ತಿದ್ದರು. ಎಳೆಯುವಾಗ ತಗಡು ತಾನೇ ಬಿಗಿಯಾಗುತ್ತದೆ. ಹಾಗಾಗಿ ತೆಳುವಾಗಿದ್ದರೂ ಮಡಚಿಕೊಳ್ಳುವುದಿಲ್ಲ. ನೂಕಿ ಕೊಯ್ಯುವುದಕ್ಕೆ ದಪ್ಪ ತಗಡು ಬೇಕು. ಜಪಾನಿನ ಗರಗಸವೂ ಎಳೆಯುವುದೇ. ಈಗ ಅದನ್ನು ಆನ್‌ಲೈನಿನಲ್ಲಿ ದುಬಾರಿ ಕೊಟ್ಟು ತರಿಸುವವರಿಗೆ ನಮ್ಮಲ್ಲೂ ಅಂಥದ್ದು ಇತ್ತು ಅನ್ನುವುದೇ ಮರೆತಿದೆ.

ಉಳಿದ ಫೋಟೋಗಳಿಗೆ ಒಟ್ಟಿಗೇ ಹೇಳಿಬಿಡುತ್ತೇನೆ. ಮೂರು ಪಾದ ಮೂರು ದಿಕ್ಕಿಗೆ ಚಾಚಿದ ಕಬ್ಬಿಣದ ತುಂಡು ಚಪ್ಪಲಿ ಹೊಲಿಯುವವರದು. ಯಾವ ಪಾದ ಮೇಲೆ ಬಂದರೂ ಉಳಿದೆರಡು ಕಾಲಾಗಿ ನಿಲ್ಲುತ್ತವೆ. ದೊಡ್ಡದು, ಸಣ್ಣದು, ಹಿಮ್ಮಡಿ, ಮೂರು ಅಳತೆ ಒಂದರಲ್ಲೇ. ಸಾಲಾಗಿ ದೊಡ್ಡದರಿಂದ ಸಣ್ಣದಕ್ಕೆ ತೂತು ಇರುವ ಉಕ್ಕಿನ ಪಟ್ಟಿ ಅಕ್ಕಸಾಲಿಗರ ಕಂಬಚ್ಚು. ಚಿನ್ನ ಬೆಳ್ಳಿಯ ಕಂಬಿಯನ್ನು ಒಂದೊಂದೇ ತೂತಿನಲ್ಲಿ ಎಳೆದು ತೆಳು ಮಾಡುತ್ತಾರೆ. ದಯವಿಟ್ಟು ಆ ತೂತುಗಳನ್ನು ಮೊಳೆ ಹಾಕಿ ಕೆದಕಬೇಡಿ, ಅದರ ಬೆಲೆಯೆಲ್ಲ ತೂತಿನ ನುಣುಪಿನಲ್ಲೇ ಇದೆ.

ಅರ್ಧ ಎಲೆಯಂಥ ಎಂಟು ಕಬ್ಬಿಣದ ಬಿಲ್ಲೆಗಳು ಎತ್ತಿನ ಲಾಳ. ಕುದುರೆ ಗೊರಸು ಒಂದೇ, ಎತ್ತಿನದು ಸೀಳು. ಕಾಲಿಗೆ ಎರಡರಂತೆ ಎಂಟು. ಒಂದು ಎತ್ತಿಗೆ ಪೂರ್ತಿ ಜೊತೆ ಸಿಕ್ಕಿದೆ ನಿಮಗೆ.

ಪ್ರಶ್ನೆ (ತಿಪಟೂರಿನವರೇ): ಮತ್ತೆ ಬಂದೆ ಆಚಾರ್ರೇ. ರಾಗಿ ಸುರಿದು ನೋಡಿದೆವು, ನಾಲ್ಕೂ ತೂತಿನಲ್ಲಿ ಸರಿಸಮ ಬಿತ್ತು! ಅತ್ತೆ ಮಾತ್ರ ಇನ್ನೂ ಶಾವಿಗೆ ಅಂತಲೇ ಇದ್ದಾರೆ. ಉಪ್ಪುಕಾಗದ ಹಾಕಿ ಉಜ್ಜಿ ವಾರ್ನಿಷ್ ಹೊಡೆದು ಗೋಡೆಗೆ ಹಾಕೋಣ ಅಂತ ಇದ್ದೇವೆ. ಅಂಚು ಒಂದು ಕಡೆ ಮಾತ್ರ ಸವೆದು ತಗ್ಗಾಗಿದೆ, ಅದನ್ನು ಮರದ ಪುಡಿ, ಗೋಂದು ತುಂಬಿ ಸರಿ ಮಾಡಬಹುದಾ?

ಉತ್ತರ: ಉಪ್ಪುಕಾಗದ ಮುಟ್ಟಿಸಬೇಡಿ ತಾಯಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು. ಹುಳು ಹಿಡಿದಿದ್ದರೆ ಬೇವಿನೆಣ್ಣೆ ಸವರಿ. ಕಬ್ಬಿಣದ ಸಾಮಾನು ಇದ್ದವರು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ. ಗ್ರೈಂಡರ್ ಹಿಡಿದರೆ ತುಕ್ಕಿನ ಜೊತೆ ಮಾಡಿದವರ ಗುರುತೂ ಹೋಗುತ್ತದೆ.

ಅಂಚಿನ ಆ ತಗ್ಗನ್ನಂತೂ ತುಂಬಲೇಬೇಡಿ. ಕಾಳು ಬಿಡುವವರ ಮಣಿಕಟ್ಟು ಒರಗಿ ಒರಗಿ ಸವೆದದ್ದು ಅದು. ಅವರು ಕೂರಿಗೆಯ ಹಿಂದೆ ನಡೆಯುತ್ತಿದ್ದರು. ಹಾಗಾಗಿ ಗೋಡೆಗೆ ಹಾಕುವ ಬದಲು ಮೇಜಿನ ಮೇಲೆ ಇಡಿ, ಸವೆದ ಕಡೆ ನೀವು ಕೂರುವ ಕಡೆಗೆ ಬರಲಿ.